ವೇದಿಕೆ ಸಿಗದವನ ನೃತ್ಯ

‘ಸಾಗರ ಸಂಗಮಂ’ ಚಿತ್ರದ ಹಾಡುಗಳು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಸಿನಿಮಾ ಗೊತ್ತಿರಲಿಲ್ಲ. ಅಕ್ಕನ ಕ್ಯಾಸೆಟ್ಟಿನಲ್ಲಿ ಇದ್ದವು, ರೇಡಿಯೊದಲ್ಲಿ ಬರುತ್ತಿದ್ದವು, ಆಮೇಲೆ ಟೀವಿಯ ಹಾಡಿನ ಸ್ಪರ್ಧೆಗಳಲ್ಲಿ ಪುಟ್ಟ ಮಕ್ಕಳು ಹಾಡಿದರು, ಈಗ ಫೋನಿನಲ್ಲೂ ಇವೆ. ತೆಲುಗು ಅರ್ಧಂಬರ್ಧ ಅರ್ಥವಾಗುವ ನನಗೆ ಅವುಗಳ ಪಲ್ಲವಿ, ಚರಣ, ನಡುವೆ ಬರುವ ಮೃದಂಗದ ತುಣುಕು ಎಲ್ಲವೂ ಬಾಯಿಪಾಠ. ಆ ಹಾಡು ಬರುವಾಗ ಪರದೆಯ ಮೇಲೆ ಯಾರು ಎಲ್ಲಿ ನಿಂತಿರುತ್ತಾರೆ, ಯಾವ ದುಃಖಕ್ಕೆ ಅಥವಾ ಯಾವ ಖುಷಿಗೆ ಕುಣಿಯುತ್ತಾರೆ ಅನ್ನುವುದೇ ತಿಳಿದಿರಲಿಲ್ಲ.

ಅದರಲ್ಲೂ ‘ತಕಿಟ ತಧಿಮಿ’. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದನ್ನು ಹಾಡಿರುವ ಹುರುಪೇ ಹುರುಪು. ಸೊಲ್ಲುಗಳು ಒಂದರ ಬೆನ್ನಿಗೊಂದು ನುಗ್ಗಿ ಬರುತ್ತವೆ, ಕೇಳಿದವರ ಕಾಲು ತಾನಾಗಿ ತಾಳ ಹಾಕುತ್ತದೆ. ಚಿಕ್ಕವರಿದ್ದಾಗ ನಾವು ಆ ಹಾಡಿಗೆ ನಡುಮನೆಯಲ್ಲಿ ಕುಣಿಯುತ್ತಿದ್ದೆವು. ನಮಗೆ ಅದು ಸಂಭ್ರಮದ ಹಾಡು. ಈಗ ಇಷ್ಟು ವರ್ಷಗಳ ಮೇಲೆ, ರಾತ್ರಿ ಒಬ್ಬಳೇ ಕೂತು ಸಿನಿಮಾ ನೋಡುವಾಗ ಅದೇ ಹಾಡು ಬಂತು. ಕುಡಿದು ನೆಟ್ಟಗೆ ನಿಲ್ಲಲಾಗದ, ವಯಸ್ಸಾದ ಒಬ್ಬ ಮನುಷ್ಯ. ಕತ್ತಲು, ಬಾಯಿ ತೆರೆದ ಬಾವಿ, ಬಾವಿಕಟ್ಟೆಯ ಅಂಚಿನ ಮೇಲೆ ಅವನ ಪಾದ. ಹಾಡಿನ ಒಂದೊಂದು ಸೊಲ್ಲಿಗೂ ಆ ಪಾದ ಎತ್ತಿ ಇಳಿಯುತ್ತದೆ, ಇಳಿದ ಕಡೆ ಕಲ್ಲು ಇರುತ್ತದೋ ಇಲ್ಲವೋ ಎಂದು ನೋಡುವವರ ಉಸಿರು ಕಟ್ಟುತ್ತದೆ. ಹಾಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ. ನಾನು ಕುಣಿದಿದ್ದ ಅದೇ ಹಾಡು. ಅದು ಒಬ್ಬ ಮನುಷ್ಯ ಕುಸಿದು ಬೀಳುವ ಹೊತ್ತಿನ ಹಾಡು ಎಂದು ಕಿವಿಗೆ ಯಾರೂ ಹೇಳಿರಲಿಲ್ಲ.

ಆ ಹಾಡು ಮುಗಿದ ಮೇಲೆ ಸಿನಿಮಾ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಗೊತ್ತಿಲ್ಲದವರಿಗೆ ಕಥೆ ಹೇಳಿಬಿಡುತ್ತೇನೆ. ನಾಲ್ಕು ದಶಕ ದಾಟಿದ ಸಿನಿಮಾಕ್ಕೆ ಗುಟ್ಟು ಉಳಿದಿರುವುದಿಲ್ಲ, ಆದರೂ ನನ್ನಂತೆ ನೋಡದೆ ಉಳಿದವರು ಇದ್ದರೆ ನೋಡಿಯೇ ಮುಂದಕ್ಕೆ ಓದಿ. ಕೆ. ವಿಶ್ವನಾಥ್ ನಿರ್ದೇಶನದ ಈ ತೆಲುಗು ಚಿತ್ರ ತೆರೆಗೆ ಬಂದದ್ದು 1983ರ ಜೂನ್‌ನಲ್ಲಿ. ತಮಿಳಿಗೆ ‘ಸಲಂಗೈ ಒಲಿ’ ಎಂಬ ಹೆಸರಿನಲ್ಲಿ ಡಬ್ ಆಯಿತು. ಬಾಲಕೃಷ್ಣ, ಎಲ್ಲರ ಬಾಯಲ್ಲಿ ಬಾಲು, ಬಡವರ ಮನೆಯ ಹುಡುಗ. ತಾಯಿ ಅಡುಗೆ ಕೆಲಸ ಮಾಡಿ ಸಾಕಿದವಳು. ಹುಡುಗನಿಗೆ ನೃತ್ಯವೆಂದರೆ ಪ್ರಾಣ. ಕೂಚಿಪೂಡಿ, ಭರತನಾಟ್ಯ, ಕಥಕ್ ಎಲ್ಲವನ್ನೂ ಕಲಿತಿದ್ದಾನೆ, ಆದರೆ ವೇದಿಕೆ ಸಿಕ್ಕಿಲ್ಲ. ಮಾಧವಿ ಎಂಬ ಸ್ಥಿತಿವಂತ ಮನೆಯ ಹೆಣ್ಣುಮಗಳು ಅವನ ಪ್ರತಿಭೆ ಗುರುತಿಸಿ ದೊಡ್ಡ ನೃತ್ಯೋತ್ಸವವೊಂದರಲ್ಲಿ ಅವಕಾಶ ಕೊಡಿಸುತ್ತಾಳೆ. ಅಷ್ಟರಲ್ಲಿ ತಾಯಿ ತೀರಿಕೊಳ್ಳುತ್ತಾಳೆ, ಅವನು ಕುಣಿಯುವುದಿಲ್ಲ. ಇಬ್ಬರ ನಡುವೆ ಪ್ರೀತಿ ಮೊಳೆತ ಮೇಲೆ ತಿಳಿಯುವುದು, ಮಾಧವಿಗೆ ಮದುವೆಯಾಗಿದೆ, ಗಂಡನಿಂದ ದೂರವಿದ್ದಾಳೆ ಎಂದು. ಗಂಡ ಬಂದಾಗ ಬಾಲು ತಾನೇ ಅವಳನ್ನು ಅವನ ಜತೆ ಕಳಿಸಿಕೊಡುತ್ತಾನೆ. ವರ್ಷಗಳು ಉರುಳುತ್ತವೆ. ಬಾಲು ಕುಡುಕನಾಗಿದ್ದಾನೆ, ಪತ್ರಿಕೆಗೆ ನೃತ್ಯ ವಿಮರ್ಶೆ ಬರೆಯುತ್ತಾನೆ. ಅವನ ವಿಮರ್ಶೆಯಿಂದ ಕೆರಳಿದ ನರ್ತಕಿ ಶೈಲಜಾ ಮಾಧವಿಯ ಮಗಳೇ.

ಇದಿಷ್ಟು ಓದಿದರೆ ಕಣ್ಣೀರಿನ ಸಿನಿಮಾ ಅನ್ನಿಸುತ್ತದೆ, ಹೌದು, ಕಣ್ಣೀರಿನ ಸಿನಿಮಾವೇ. ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. ಇದು ಒಬ್ಬ ಮಹಾ ನರ್ತಕನ ಕಥೆ. ಸಿನಿಮಾದ ಉದ್ದಕ್ಕೂ ಅವನು ಕುಣಿಯುತ್ತಾನೆ. ಆದರೆ ತುಂಬಿದ ಸಭೆಯ ಮುಂದೆ, ದೀಪ ಹಚ್ಚಿದ ವೇದಿಕೆಯ ಮೇಲೆ, ಹೆಸರು ಕೂಗಿಸಿಕೊಂಡು ಅವನು ಕುಣಿದದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅವನ ಅತ್ಯುತ್ತಮ ನೃತ್ಯಗಳನ್ನು ಆ ಕಥೆಯೊಳಗೆ ನೋಡಿದವರು ಒಬ್ಬರೋ ಇಬ್ಬರೋ.

ಮದುವೆ ಮನೆಯ ದೃಶ್ಯ ನೆನಪಿಸಿಕೊಳ್ಳಿ. ಆ ಕಡೆ ವೇದಿಕೆಯಲ್ಲಿ ಒಬ್ಬ ನರ್ತಕಿ ತ್ಯಾಗರಾಜರ ಕೃತಿಗೆ ಕುಣಿಯುತ್ತಿದ್ದಾಳೆ. ಅವರು ಮಂಜು ಭಾರ್ಗವಿ, ವಿಶ್ವನಾಥ್ ಅವರದೇ ‘ಶಂಕರಾಭರಣಂ’ ಮೂಲಕ ಮನೆಮಾತಾದವರು. ಅವರ ನೃತ್ಯಕ್ಕೆ ಅಲಂಕಾರ, ಪಕ್ಕವಾದ್ಯ, ಸಭೆ ಎಲ್ಲ ಇದೆ. ಈ ಕಡೆ ಅಡುಗೆಯವರ ಜಾಗದಲ್ಲಿ ಬಾಲು. ಹಾಡು ಅಲ್ಲಿಯವರೆಗೂ ಕೇಳಿಸುತ್ತದಲ್ಲ, ಅವನಿಗೆ ಅಷ್ಟೇ ಸಾಕು. ವೇಷವಿಲ್ಲ, ಗೆಜ್ಜೆಯಿಲ್ಲ. ಮೈತುಂಬ ಹಾಡು. ಅವನು ಯಾರಿಗೂ ತೋರಿಸುತ್ತಿಲ್ಲ, ತಡೆಯಲಾರದೆ ಕುಣಿಯುತ್ತಿದ್ದಾನೆ. ಮಾಧವಿ ಮರೆಯಲ್ಲಿ ನಿಂತು ನೋಡುತ್ತಾಳೆ, ನೋಡುವುದಷ್ಟೇ ಅಲ್ಲ, ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಾಳೆ. ಒಂದೇ ಹಾಡಿಗೆ ಎರಡು ನೃತ್ಯ, ನಡುವೆ ಒಂದು ಗೋಡೆಯಷ್ಟು ಅಂತರ. ಗೋಡೆಯ ಯಾವ ಬದಿಯಲ್ಲಿ ಹುಟ್ಟಿದ್ದೀಯ ಅನ್ನುವುದರ ಮೇಲೆ ನಿನ್ನ ನೃತ್ಯಕ್ಕೆ ಚಪ್ಪಾಳೆಯೋ ಪಾತ್ರೆಯ ಸದ್ದೋ ನಿರ್ಧಾರವಾಗುತ್ತದೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ವಿಶ್ವನಾಥ್ ಕ್ಯಾಮೆರಾವನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸುತ್ತಾರೆ, ಅಷ್ಟೇ.

ಫೋಟೊ ತೆಗೆಯುವ ಚಿಕ್ಕ ಹುಡುಗನ ದೃಶ್ಯಕ್ಕೆ ನಕ್ಕೂ ನಕ್ಕೂ ಸಾಕಾಯಿತು. ಬಾಲು ಒಂದೊಂದು ಭಂಗಿಯಲ್ಲೂ ಪ್ರಾಣ ಇಟ್ಟು ನಿಲ್ಲುತ್ತಾನೆ, ಹುಡುಗ ತನಗೆ ಬೇಕಾದ ಹಾಗೆ ಕ್ಲಿಕ್ಕಿಸುತ್ತಾನೆ. ಆ ಹುಡುಗನ ಪಾತ್ರ ಮಾಡಿದ ಚಕ್ರಿ ತೋಲೇಟಿ ದೊಡ್ಡವರಾಗಿ ತಾವೇ ನಿರ್ದೇಶಕರಾದರು. ತಮಾಷೆಯ ದೃಶ್ಯ ನಿಜ. ಆದರೆ ಅಲ್ಲೂ ನೋಡಿ, ಅಷ್ಟೊಳ್ಳೆಯ ಭಂಗಿಗಳಿಗೆ ಪ್ರೇಕ್ಷಕ ಒಬ್ಬ ಪೋರ.

ನಾನು ಎಂದೂ ಮರೆಯಲಾರದ ದೃಶ್ಯದಲ್ಲಿ ನೃತ್ಯವೇ ಇಲ್ಲ. ಮಾಧವಿ ಬಾಲುವಿನ ಕೈಗೆ ನೃತ್ಯೋತ್ಸವದ ಪುಸ್ತಿಕೆ ಕೊಡುತ್ತಾಳೆ. ಅವನು ಹಾಳೆ ತಿರುವುತ್ತಾನೆ. ದೇಶದ ದೊಡ್ಡ ದೊಡ್ಡ ಕಲಾವಿದರ ಚಿತ್ರಗಳು. ಒಬ್ಬೊಬ್ಬರನ್ನೂ ನೋಡಿ ಅವನ ಕಣ್ಣು ಅರಳುತ್ತದೆ, ಭಕ್ತಿಯಿಂದ ನೋಡುತ್ತಾನೆ. ಇವರನ್ನೆಲ್ಲ ಹತ್ತಿರದಿಂದ ನೋಡಬಹುದಲ್ಲ ಎಂಬುದೇ ಅವನಿಗೆ ದೊಡ್ಡದು. ಮತ್ತೊಂದು ಹಾಳೆ ತಿರುವಿದರೆ ಅವನದೇ ಚಿತ್ರ. ಬಾಲುವಾಗಿ ಕಮಲ್ ಹಾಸನ್ ಅಲ್ಲಿ ಏನು ಮಾಡಿದ್ದಾರೆ ಎಂದು ಬರೆದು ತೋರಿಸುವುದು ಕಷ್ಟ. ಮೊದಲು ಮುಖದಲ್ಲಿ ಏನೂ ಆಗುವುದಿಲ್ಲ, ಅರ್ಥವಾಗದವನ ಮುಖ. ಆಮೇಲೆ ನಗು ಬರಬೇಕೋ ಅಳು ಬರಬೇಕೋ ಗೊತ್ತಾಗದೆ ಎರಡೂ ಒಟ್ಟಿಗೆ ನುಗ್ಗುತ್ತವೆ. ಬಡತನದಲ್ಲಿ ಬೆಳೆದವರಿಗೆ ಸಂತೋಷವನ್ನು ಎಲ್ಲಿಟ್ಟುಕೊಳ್ಳಬೇಕು ಅನ್ನುವುದು ತಿಳಿಯುವುದಿಲ್ಲ. ಅದನ್ನು ಇಷ್ಟು ಸರಿಯಾಗಿ ತೋರಿಸಿದ ಇನ್ನೊಂದು ದೃಶ್ಯ ನಾನು ನೋಡಿಲ್ಲ. ಮೊದಲ ಸಲ ತನ್ನ ಹೆಸರು ಅಚ್ಚಾದದ್ದನ್ನು ಕಂಡ ಯಾರೇ ಆಗಲಿ ಈ ದೃಶ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಆ ಪುಸ್ತಿಕೆಯಲ್ಲಿ ಅವನ ಹೆಸರು ಉಳಿಯಿತು. ಅವನು ಮಾತ್ರ ಆ ವೇದಿಕೆ ಹತ್ತಲಿಲ್ಲ. ಸಾಯುತ್ತಿರುವ ತಾಯಿಯ ಮುಂದೆ ಕುಣಿದ. ಅವಳು ಜೀವಮಾನವೆಲ್ಲ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ದುಡಿದದ್ದು ಇವನು ಕುಣಿಯಲಿ ಎಂದು. ಕೊನೆಗೆ ಆ ನೃತ್ಯ ಸಂದದ್ದು ಅವಳಿಗೆ, ಅವಳೊಬ್ಬಳಿಗೇ. ಆ ದೃಶ್ಯ ನೋಡುವಾಗ ನನಗೆ ಉತ್ಸವ ತಪ್ಪಿತಲ್ಲ ಎಂಬ ಸಂಕಟ ಆಗಲೇ ಇಲ್ಲ. ಅದಾದದ್ದು ಆಮೇಲೆ, ಮಾರನೆಯ ದಿನ, ಬೇರೆ ಏನೋ ಕೆಲಸ ಮಾಡುತ್ತಿದ್ದಾಗ.

ಕಮಲ್ ಹಾಸನ್ ಅವರ ಮೈಯ ಬಗ್ಗೆ ಹೇಳಬೇಕು. ನಾನು ಹುಡುಗಿಯಾಗಿದ್ದಾಗ ಭರತನಾಟ್ಯ ಕಲಿತು ಜತಿಸ್ವರ ಎಂಬ ಆರಂಭದ ಹಂತದಲ್ಲೇ ಬಿಟ್ಟವಳು. ಅಷ್ಟು ಕಲಿತವರಿಗೆ ಕುಣಿಯಲು ಬರುವುದಿಲ್ಲ, ಆದರೆ ಬೇರೆಯವರು ಅರಮಂಡಿಯಲ್ಲಿ, ಅಂದರೆ ಮಂಡಿ ಬಾಗಿಸಿ ಅರ್ಧ ಕೂತ ಭಂಗಿಯಲ್ಲಿ, ಎಷ್ಟು ಕೂತಿದ್ದಾರೆ, ಕಣ್ಣು ಕೈಯ ಹಿಂದೆ ಹೋಗುತ್ತಿದೆಯೋ ಇಲ್ಲವೋ ಎಂದು ನೋಡುವ ಚಾಳಿ ಉಳಿದಿರುತ್ತದೆ. ಆ ಕಣ್ಣಿನಿಂದಲೇ ನೋಡಿದೆ. ಕಮಲ್ ನಟರಾಗಿ ನೆಲೆಯೂರುವ ಮುಂಚೆ ತಂಗಪ್ಪನ್ ಮಾಸ್ತರರ ಬಳಿ ನೃತ್ಯ ಸಹಾಯಕರಾಗಿ ದುಡಿದವರು, ಭರತನಾಟ್ಯ ಕಲಿತವರು. ಈ ಚಿತ್ರದ ನೃತ್ಯ ಸಂಯೋಜಕರಲ್ಲಿ ಕಥಕ್‌ನ ಗೋಪಿಕೃಷ್ಣ ಕೂಡ ಒಬ್ಬರು. ಹಾಗಾಗಿ ಇಲ್ಲಿ ನೃತ್ಯವನ್ನು ಕ್ಯಾಮೆರಾದ ಚಾಲಾಕಿಯಿಂದ ಮುಚ್ಚಿಡುವ ಅಗತ್ಯ ಬಿದ್ದಿಲ್ಲ. ಸಾಮಾನ್ಯವಾಗಿ ಸಿನಿಮಾದವರು ಮುಖ ಒಂದು ಕಡೆ, ಕಾಲು ಇನ್ನೊಂದು ಕಡೆ ಕತ್ತರಿಸಿ ತೋರಿಸಿ ನಮ್ಮನ್ನು ನಂಬಿಸುತ್ತಾರೆ. ಇಲ್ಲಿ ತಲೆಯಿಂದ ಪಾದದವರೆಗೆ ಇಡೀ ಮನುಷ್ಯ ಚೌಕಟ್ಟಿನೊಳಗೆ ನಿಂತು ಕುಣಿಯುತ್ತಾನೆ. ಛಾಯಾಗ್ರಾಹಕ ಪಿ.ಎಸ್. ನಿವಾಸ್ ಅವರಿಗೆ ಎಲ್ಲಿ ಸುಮ್ಮನಿರಬೇಕು ಎಂದು ಗೊತ್ತಿತ್ತು.

ಆದರೆ ನನಗೆ ಇನ್ನೂ ದೊಡ್ಡದು ಅನ್ನಿಸಿದ್ದು ವಯಸ್ಸಾದ ಬಾಲು. ಚಿತ್ರ ಬಂದಾಗ ಕಮಲ್‌ಗೆ 28 ವರ್ಷ. ಬಿಳಿಗೂದಲು, ಕನ್ನಡಕ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಇವರು ತಂದದ್ದು ಒಂದು ಕಾಲದಲ್ಲಿ ಕುಣಿಯುತ್ತಿದ್ದ ಮೈ ಈಗ ಹೇಗೆ ಸೋತಿರುತ್ತದೆ ಅನ್ನುವುದನ್ನು. ಸುಮ್ಮನೆ ಮುದುಕನಾದವನು ಬೇರೆ, ನರ್ತಕ ಮುದುಕನಾದರೆ ಬೇರೆ. ನಡೆಯುವಾಗ ತೂಗಾಡುತ್ತಾನೆ, ಆದರೆ ಕೈಯೊಂದು ಗಾಳಿಗೆ ಎದ್ದಿತೆಂದರೆ ಬೆರಳುಗಳು ಸರಿಯಾದ ಮುದ್ರೆಗೇ ಬಂದು ನಿಲ್ಲುತ್ತವೆ. ಪತ್ರಿಕಾ ಕಚೇರಿಯ ದೃಶ್ಯದಲ್ಲಿ ಇದು ನಿಗಿನಿಗಿ ಉರಿಯುತ್ತದೆ. ಶೈಲಜಾ ‘ಓಂ ನಮಃ ಶಿವಾಯ’ ಹಾಡಿಗೆ ಮಾಡಿದ ನೃತ್ಯದಲ್ಲಿ ಪಂಚಭೂತಗಳ ಸಾಲಿನ ಅಭಿನಯ ತಪ್ಪಿದೆ ಎಂದು ಇವನು ಬರೆದಿದ್ದಾನೆ, ಅವಳ ಕಡೆಯವನು ಜಗಳಕ್ಕೆ ಬಂದಿದ್ದಾನೆ, ನೃತ್ಯದ ಬಗ್ಗೆ ನಿನಗೇನು ಗೊತ್ತು ಎಂಬ ಧಾಟಿಯಲ್ಲಿ. ಆಗ ಈ ಕುಡುಕ ಎದ್ದು ನಿಂತು ಆ ಒಂದೇ ಸಾಲನ್ನು ಬೇರೆ ಬೇರೆ ನೃತ್ಯಶೈಲಿಗಳಲ್ಲಿ ಒಂದರ ಹಿಂದೊಂದು ಮಾಡಿ ತೋರಿಸುತ್ತಾನೆ. ಮೇಜು ಕುರ್ಚಿಗಳ ನಡುವೆ, ಪ್ಯಾಂಟು ಶರಟಿನಲ್ಲಿ. ಕೋಪದಿಂದ ಶುರುವಾದದ್ದು ಕೋಪವನ್ನೇ ಮರೆತುಬಿಡುತ್ತದೆ. ಮೈಗೆ ಹಳೆಯದೆಲ್ಲ ನೆನಪಾಗುತ್ತಾ ಹೋಗುತ್ತದೆ, ಮನುಷ್ಯ ಅದರ ಹಿಂದೆ ಓಡುತ್ತಾನೆ.

ಈ ದೃಶ್ಯದ ಕಾರಣಕ್ಕೇ ಬಾಲುವಿನ ವಿಮರ್ಶೆಯ ಬಗ್ಗೆ ನನಗೆ ಗೌರವ ಮೂಡಿತು. ಅವನು ಹುಡುಗಿಯನ್ನು ಹೀಯಾಳಿಸಲು ಬರೆದದ್ದಲ್ಲ. ಅವಳು ತನ್ನ ಚೆಲುವಿಗೆ ಕೊಟ್ಟ ಗಮನವನ್ನು ಸಾಹಿತ್ಯಕ್ಕೆ ಕೊಡಲಿಲ್ಲ ಅನ್ನುವುದು ಅವನ ಸಂಕಟ. ಇಂದು ಕಲೆಯ ಬಗ್ಗೆ ಬರೆಯುವವರು ಬಹುಪಾಲು ‘ಮನಸೂರೆಗೊಂಡಿತು’, ‘ಪ್ರೇಕ್ಷಕರನ್ನು ರಂಜಿಸಿತು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಯಾವ ಸಾಲಿನಲ್ಲಿ, ಯಾವ ಹಸ್ತದಲ್ಲಿ, ಏನು ತಪ್ಪಿತು ಎಂದು ಹೇಳುವಷ್ಟು ಹತ್ತಿರದಿಂದ ನೋಡುವುದೂ ಒಂದು ಬಗೆಯ ಪ್ರೀತಿ. ಶೈಲಜಾಳನ್ನು ಹೊಗಳಿದವರಲ್ಲಿ ಯಾರೂ ಅವಳ ನೃತ್ಯವನ್ನು ಇವನಷ್ಟು ಗಮನವಿಟ್ಟು ನೋಡಿರಲಾರರು.

ಸಂಗೀತದ ಬಗ್ಗೆ ಎಷ್ಟು ಬರೆದರೂ ಮುಗಿಯದು, ಆದರೆ ಅದು ನಿಮಗೆಲ್ಲ ಗೊತ್ತಿರುವುದೇ. ಇಳಯರಾಜ ಅವರಿಗೆ ಮೊದಲ ರಾಷ್ಟ್ರ ಪ್ರಶಸ್ತಿ ಬಂದದ್ದು ಈ ಚಿತ್ರಕ್ಕೆ. ಕೊನೆಯಲ್ಲಿ ಬರುವ ‘ವೇದಂ ಅಣುವಣುವುನ’ ಹಾಡಿಗೆ ಎಸ್‌ಪಿಬಿಯವರಿಗೂ ರಾಷ್ಟ್ರ ಪ್ರಶಸ್ತಿ ಬಂತು. ಶಾಸ್ತ್ರೀಯ ಸಂಗೀತವನ್ನು ಗುರುಮುಖೇನ ಕಲಿಯದ ಮನುಷ್ಯ ಹಂಸಾನಂದಿ ರಾಗವನ್ನು ಹಾಗೆ ಹಾಡಿದ್ದಾರೆ! (ಮುಂದೆ 1995ರ ನಮ್ಮ ಗಾನಯೋಗಿ ಪಂಚಾಕ್ಷರ ಗವಾಯಿಗಳ ಚಿತ್ರಕ್ಕೂ ಅವರಿಗೆ ಅದೇ ಪ್ರಶಸ್ತಿ ಬಂದದ್ದನ್ನು ಕನ್ನಡಿಗರು ಮರೆತಿಲ್ಲ.) ‘ನಾದ ವಿನೋದಮು’ ಹಾಡು ಕಾಳಿದಾಸನ ‘ವಾಗರ್ಥಾವಿವ ಸಂಪೃಕ್ತೌ’ ಶ್ಲೋಕದಿಂದ, ಮಾತು ಅರ್ಥಗಳಂತೆ ಬೆಸೆದುಕೊಂಡ ಪಾರ್ವತಿ ಪರಮೇಶ್ವರರಿಗೆ ನಮಿಸುವ ಶ್ಲೋಕದಿಂದ, ಶುರುವಾಗುತ್ತದೆ. ಕ್ಯಾಸೆಟ್ಟಿನಲ್ಲಿ ಅದನ್ನು ದೇವರ ಶ್ಲೋಕ ಎಂದು ಕೇಳುತ್ತಿದ್ದೆ. ಪರದೆಯ ಮೇಲೆ ಬಾಲು, ಮಾಧವಿ ಇಬ್ಬರೂ ಜೊತೆಯಾಗಿ ಕುಣಿಯುವಾಗ ಅದು ಅವರಿಬ್ಬರಿಗೂ ಒಪ್ಪುತ್ತದೆ, ಮಾತಿನಲ್ಲಿ ಇನ್ನೂ ಏನನ್ನೂ ಹೇಳಿಕೊಳ್ಳದ ಇಬ್ಬರಿಗೆ. ಮಾಧವಿಯ ಪಾತ್ರ ಮಾಡಿದ ಜಯಪ್ರದಾ ಅವರನ್ನು ‘ಸನಾದಿ ಅಪ್ಪಣ್ಣ’ದಲ್ಲಿ ಕಂಡಿದ್ದ ನಮಗೆ ಅವರ ನೃತ್ಯ ಹೊಸದಲ್ಲ. ಇಲ್ಲಿ ಅವರು ನೋಡುವ ಬಗೆ ಹೊಸದು.

ವಿಶ್ವನಾಥ್ ಸಿನಿಮಾಕ್ಕೆ ಬಂದದ್ದು ಮದರಾಸಿನ ವಾಹಿನಿ ಸ್ಟುಡಿಯೊದಲ್ಲಿ ಧ್ವನಿ ವಿಭಾಗದಲ್ಲಿ ಕೆಲಸ ಮಾಡುತ್ತಾ. ಅದು ತಿಳಿದ ಮೇಲೆ ನನಗೆ ಅವರ ದೃಶ್ಯಗಳು ಬೇರೆಯಾಗಿ ಕೇಳತೊಡಗಿದವು. ಎಲ್ಲಿ ವಾದ್ಯ ನಿಲ್ಲಬೇಕು, ಎಲ್ಲಿ ಬರೀ ಹೆಜ್ಜೆಯ ಸದ್ದು ಸಾಕು ಎಂಬ ಲೆಕ್ಕ ಅವರ ಕಿವಿಗೆ ಇದೆ.

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಸಿನಿಮಾದೊಂದಿಗೆ ನನ್ನ ಜಗಳ ಮುಗಿಯುವುದಿಲ್ಲ, ಮುಗಿಯಬೇಕು ಎಂದೂ ಅನ್ನಿಸುವುದಿಲ್ಲ.

ಮೊದಲನೆಯದಾಗಿ ಆ ತ್ಯಾಗ. ಗಂಡ ಬರುತ್ತಾನೆ, ಬಂದವನು ಇವರಿಬ್ಬರನ್ನು ಒಂದುಗೂಡಿಸುವ ಮನಸ್ಸಿನಿಂದಲೇ ಬಂದಿದ್ದಾನೆ. ಆದರೂ ಬಾಲು, ಮದುವೆಯೆಂಬ ಬಂಧಕ್ಕೆ ಬೆಲೆ ಕೊಟ್ಟು, ಮಾಧವಿಯನ್ನು ಅವನ ಜತೆ ಕಳಿಸುತ್ತಾನೆ. ಸಿನಿಮಾ ಇದನ್ನು ಬಾಲುವಿನ ಹಿರಿಮೆ ಎಂದು ನೋಡುತ್ತದೆ. ಮಾಧವಿಗೆ ಏನು ಬೇಕಿತ್ತು? ಒಬ್ಬ ಗಂಡಸು ಕೊಡಲು ಸಿದ್ಧ, ಇನ್ನೊಬ್ಬ ಗಂಡಸು ಹಿಂದಿರುಗಿಸಲು ಸಿದ್ಧ, ನಡುವೆ ನಿಂತವಳನ್ನು ಯಾರೂ ಕೇಳುವುದಿಲ್ಲ. ಅಂದಿನ ಕಾಲ ಹಾಗಿತ್ತು ಎಂದು ಹೇಳಬಹುದು. ಆದರೆ ಇದೇ ಸಿನಿಮಾ ಮಾಧವಿಯನ್ನು ಮೊದಲರ್ಧದಲ್ಲಿ ಎಷ್ಟು ಸ್ವತಂತ್ರಳಾಗಿ ಚಿತ್ರಿಸಿದೆ! ಪ್ರತಿಭೆ ಗುರುತಿಸುವವಳು ಅವಳು, ಚಿತ್ರ ತೆಗೆಯುವವಳು, ದಾರಿ ಮಾಡಿಕೊಡುವವಳು. ಅಂಥವಳನ್ನು ಕಟ್ಟಿದ ನಿರ್ದೇಶಕರಿಗೆ ಅವಳ ಬಾಯಿಂದ ಒಂದು ಉತ್ತರ ಹೇಳಿಸುವುದು ಅಸಾಧ್ಯವಿತ್ತೇ?

ಕುಂಕುಮದ ವಿಷಯ ಇನ್ನೂ ತೊಡಕಿನದು. ಮಾಧವಿ ಮತ್ತೆ ಬಾಲುವಿನ ಮುಂದೆ ಬರುವ ಹೊತ್ತಿಗೆ ವಿಧವೆ. ಅವಳು ಸುಖವಾಗಿದ್ದಾಳೆ ಎಂಬ ಒಂದೇ ನಂಬಿಕೆಯ ಮೇಲೆ ಬದುಕಿರುವವನಿಗೆ ಅದು ಗೊತ್ತಾದರೆ ಉಳಿಯಲಾರ ಎಂದು ಅವಳು ಹಣೆಗೆ ಕುಂಕುಮ ಇಟ್ಟುಕೊಂಡು ಅವನೆದುರು ನಿಲ್ಲುತ್ತಾಳೆ. ಬಾವಿಯ ದೃಶ್ಯದ ತುದಿಯಲ್ಲಿ ಮಳೆಗೆ ಆ ಕುಂಕುಮ ಕರಗಿ ಹೋಗಬಾರದೆಂದು ಬಾಲು ತನ್ನ ಅಂಗೈಯನ್ನು ಅವಳ ಹಣೆಗೆ ಅಡ್ಡ ಹಿಡಿಯುತ್ತಾನೆ. ಈ ಒಂದು ಚಿತ್ರಕ್ಕೆ ಎಷ್ಟು ಜನ ಅತ್ತಿದ್ದಾರೋ. ನಾನೂ ಅತ್ತೆ. ಅಳುತ್ತಲೇ ಸಿಟ್ಟೂ ಬಂತು. ವಿಧವೆಯ ಹಣೆಯಿಂದ ಕುಂಕುಮ ಅಳಿಸಿದ್ದು ಸಮಾಜ. ಇಲ್ಲಿ ಅವಳು ಅದನ್ನು ಮತ್ತೆ ಇಟ್ಟುಕೊಳ್ಳುವುದೂ ತನಗಾಗಿ ಅಲ್ಲ, ಒಬ್ಬ ಗಂಡಸಿನ ಮನಸ್ಸಿನ ನೆಮ್ಮದಿಗಾಗಿ. ಅವನು ಕಾಯುತ್ತಿರುವುದು ಇಲ್ಲದ ಗಂಡನ ಗುರುತನ್ನು, ಅವಳು ಅದನ್ನು ಹೇಳುವ ಹಾಗಿಲ್ಲ. ಈ ದೃಶ್ಯವನ್ನು ಬರೆದವರಿಗೆ ಇಷ್ಟೆಲ್ಲ ತಿಳಿದಿತ್ತು ಎಂದೇ ನನ್ನ ನಂಬಿಕೆ, ಯಾಕೆಂದರೆ ಜಯಪ್ರದಾ ಅವರ ಮುಖದಲ್ಲಿ ಕೃತಜ್ಞತೆಗಿಂತ ಹೆಚ್ಚಾಗಿ ಸಿಕ್ಕಿಬಿದ್ದವಳ ಅಸಹಾಯಕತೆ ಕಾಣುತ್ತದೆ.

ಕುಡಿತದ ಬಗ್ಗೆಯೂ ಒಂದು ಮಾತು. ಸೋತ ಕಲಾವಿದನೆಂದರೆ ಕುಡಿಯಲೇಬೇಕು, ಕುಡಿದರೆ ಅವನ ನೋವಿಗೆ ಒಂದು ಘನತೆ ಬರುತ್ತದೆ ಎಂಬ ನಂಬಿಕೆ ನಮ್ಮ ಸಿನಿಮಾಗಳಲ್ಲಿ ಬೇರೂರಿಬಿಟ್ಟಿದೆ. ಮನೆಯಲ್ಲಿ ಕುಡಿಯುವವರನ್ನು ಕಂಡವರಿಗೆ ಅದರಲ್ಲಿ ಯಾವ ಘನತೆಯೂ ಇಲ್ಲವೆಂದು ಗೊತ್ತು. ಬಾಲುವಿನ ಕುಡಿತವನ್ನು ಹೊತ್ತು ತಿರುಗುವವನು ಗೆಳೆಯ ರಘು. ಶರತ್ ಬಾಬು ಈ ಪಾತ್ರವನ್ನು ಎಷ್ಟು ಮೆಲುದನಿಯಲ್ಲಿ ಮಾಡಿದ್ದಾರೆಂದರೆ ಸಿನಿಮಾ ಮುಗಿದ ಎಷ್ಟೋ ಹೊತ್ತಿನ ಮೇಲೆ ಅವನ ಭಾರ ನಮಗೆ ತಿಳಿಯುತ್ತದೆ. ಬಾಲುವಿನ ಕಥೆಯನ್ನು ಹೇಳುವ ಸಾವಿರ ಜನ ರಘುವಿನ ಹೆಸರನ್ನು ಹೇಳದೆ ಮುಂದೆ ಹೋಗುತ್ತಾರೆ. ಸೋತವನ ಪಕ್ಕದಲ್ಲಿ ಗೆಲ್ಲುವ ಆಸೆಯನ್ನೂ ಬಿಟ್ಟು ನಿಂತ ಮನುಷ್ಯ ಅವನು.

ಕೊನೆಯ ನೃತ್ಯ ಬಾಲುವೇ ಕಲಿಸಿದ ಶೈಲಜಾಳದು. ಆ ಪಾತ್ರ ಮಾಡಿದ ಎಸ್.ಪಿ. ಶೈಲಜಾ ಮೂಲತಃ ಗಾಯಕಿ, ಎಸ್‌ಪಿಬಿಯವರ ತಂಗಿ. ನೃತ್ಯದ ಸಿನಿಮಾದ ಕೊನೆಯ ನೃತ್ಯವನ್ನು ನುರಿತ ನರ್ತಕಿಯೊಬ್ಬರಿಗೆ ಕೊಡಬೇಕಿತ್ತು ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ಅಲ್ಲಿಯವರೆಗೆ ಬಾಲುವಿನ ನೃತ್ಯವನ್ನು ಕಣ್ತುಂಬ ನೋಡಿರುತ್ತೇವೆ. ಶೈಲಜಾ ಕುಣಿಯುವಾಗ ಅವಳ ಹೆಜ್ಜೆಗಳ ಒಳಗೆ ಅವನ ಹೆಜ್ಜೆ ಎಲ್ಲೆಲ್ಲಿದೆ ಎಂದು ಹುಡುಕುತ್ತೇವೆ, ಕೆಲವು ಕಡೆ ಸಿಗುತ್ತದೆ, ಕೆಲವು ಕಡೆ ಸಿಗುವುದಿಲ್ಲ. ಕಲಿಸಿದ್ದೆಲ್ಲ ಹಾಗೇ ದಾಟಿ ಹೋಗುವುದಿಲ್ಲ. ಗುರುವಿನ ಮೈಯಲ್ಲಿದ್ದದ್ದು ಶಿಷ್ಯೆಯ ಮೈಗೆ ಬರುವಾಗ ಕರಗುವುದೂ ಉಂಟು, ಬೇರೆಯಾಗಿ ಅರಳುವುದೂ ಉಂಟು. ಅವಳು ಅಪ್ರತಿಮ ನರ್ತಕಿಯಾಗಿದ್ದಿದ್ದರೆ ಈ ಹುಡುಕಾಟಕ್ಕೆ ಜಾಗವೇ ಇರುತ್ತಿರಲಿಲ್ಲ. ಅವಳು ಕುಣಿಯುತ್ತಿದ್ದ ಹಾಗೆಯೇ ಬಾಲು ಗಾಲಿಕುರ್ಚಿಯಲ್ಲಿ ಕೊನೆಯುಸಿರೆಳೆಯುತ್ತಾನೆ. ರಘು ಸದ್ದಿಲ್ಲದೆ ಅವನನ್ನು ಹೊರಗೆ ಒಯ್ಯುತ್ತಾನೆ, ನೃತ್ಯ ನಿಲ್ಲಬಾರದಲ್ಲ. ಕಲೆಗೆ ಅಂತ್ಯವಿಲ್ಲ ಎಂಬ ಬರಹ ಪರದೆಯ ಮೇಲೆ ಮೂಡುತ್ತದೆ. ಆ ಬರಹ ಬೇಕಿರಲಿಲ್ಲ ಅನ್ನಿಸಿತು. ಕಲೆ ಮುಂದುವರಿಯಬಹುದು, ಆದರೆ ಬಾಲು ಮುಗಿದ. ಅವನು ಹತ್ತದ ವೇದಿಕೆಯ ಲೆಕ್ಕವನ್ನು ಇನ್ನ್ಯಾರ ಚಪ್ಪಾಳೆಯೂ ಸರಿದೂಗಿಸುವುದಿಲ್ಲ. ಆ ಸಮಾಧಾನವನ್ನು ನನಗೆ ಅಷ್ಟು ಬೇಗ ಕೊಡಬಾರದಿತ್ತು.

ಮಾರನೆಯ ದಿನ ಅಕ್ಕನಿಗೆ ಫೋನ್ ಮಾಡಿದೆ. ಆಗಿನ ಕಾಲಕ್ಕೇ ಥಿಯೇಟರಿನಲ್ಲಿ ನೋಡಿದವಳು ಅವಳು, ಕ್ಯಾಸೆಟ್ ತಂದವಳೂ ಅವಳೇ. ನಾನು ಬಾಲು, ಬಾವಿ, ಪುಸ್ತಿಕೆ ಎಂದು ಒಂದೇ ಸಮನೆ ಹೇಳುತ್ತಿದ್ದೆ. ಅವಳು ಎಲ್ಲ ಕೇಳಿಸಿಕೊಂಡು, “ಅದೆಲ್ಲ ಸರಿ ಕಣೆ, ಮಾಧವಿಯ ಕ್ಯಾಮೆರಾ ಏನಾಯ್ತು ಅಂತ ನೋಡಿದೆಯಾ?” ಅಂದಳು.

“ಯಾಕಕ್ಕ?”

“ಮೊದಲು ಅವಳ ಕೈಯಲ್ಲಿ ಕ್ಯಾಮೆರಾ ಇತ್ತಲ್ಲ. ಎಷ್ಟು ಚಂದ ತೆಗೀತಿದ್ಲು. ಬಾಲು ನರ್ತಕ ಅಂತ ಲೋಕಕ್ಕೆ ಗೊತ್ತಾಗಿದ್ದೇ ಅವಳ ಫೋಟೊದಿಂದ. ಆಮೇಲೆ ಅದು ಎಲ್ಲಿ ಹೋಯ್ತು? ಬಾಲು ಕುಣಿಯೋದು ಬಿಟ್ಟ ಅಂತ ಎಲ್ಲರೂ ಅಳ್ತಾರೆ. ಅವಳು ಬಿಟ್ಟಿದ್ದಕ್ಕೆ ಯಾರಾದ್ರೂ ಅತ್ತರಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಥೆ ಬಾಲುವಿನದು, ಎಲ್ಲರದನ್ನೂ ಹೇಳೋಕಾಗುತ್ತಾ ಎಂದು ವಾದಿಸಿ ನೋಡಿದೆ. ಅಕ್ಕ ಒಪ್ಪಲಿಲ್ಲ. ಅವಳ ಪ್ರಕಾರ ಗಂಡನ ಮನೆಗೆ ಹೋದ ಮಾಧವಿ ಒಂದಾದರೂ ಚಿತ್ರ ತೆಗೆದಿರಬೇಕು, ಎಲ್ಲಿಯೋ ಒಂದು ಪೆಟ್ಟಿಗೆಯಲ್ಲಿ ಇಟ್ಟಿರಬೇಕು, ಕಥೆ ಬರೆದವರು ಆ ಪೆಟ್ಟಿಗೆ ತೆರೆಯಲಿಲ್ಲ. ನನ್ನ ಪ್ರಕಾರ ಅವಳು ಬಾಲುವನ್ನು ಬಿಟ್ಟು ಬೇರೇನನ್ನೂ ಚಿತ್ರ ತೆಗೆಯಲು ಇಷ್ಟಪಡಲಿಲ್ಲ. ಇಬ್ಬರೂ ಅರ್ಧ ಗಂಟೆ ಇದರ ಮೇಲೇ ಜಗಳವಾಡಿದೆವು. ಬರುವ ವಾರ ಅವಳು ಮನೆಗೆ ಬರುತ್ತಾಳೆ, ಈ ಸಲ ತಮಿಳಿನಲ್ಲಿ ಹಾಕಿ ನೋಡೋಣ ಅಂದಿದ್ದಾಳೆ, ಮಾಧವಿ ಕೊನೆಯ ಸಲ ಕ್ಯಾಮೆರಾ ಮುಟ್ಟುವ ದೃಶ್ಯ ಯಾವುದು ಎಂದು ಹುಡುಕುವುದಕ್ಕೆ.